ತಲೆ ಲೆಕ್ಕ, ಒಲೆ ಲೆಕ್ಕ

ಐಸ್‌ಕ್ರೀಮಿನ ಲೆಕ್ಕಕ್ಕೆ ಮೂಳೆ ಮುರಿಯುತ್ತದೆ ಎಂದು ಯಾರಾದರೂ ಮೊದಲೇ ಹೇಳಿದ್ದರೆ ವಿಶಾಲಮ್ಮ ನಂಬುತ್ತಿರಲಿಲ್ಲ ಎಂದೇನೂ ಇಲ್ಲ. ನಂಬುತ್ತಿದ್ದಳು. ಆ ಮನೆಯ ಗಂಡಸರ ಕೈಗಳನ್ನು ನಲವತ್ತೈದು ವರ್ಷದಿಂದ ನೋಡಿಕೊಂಡು ಬಂದವಳು ಅವಳು. ಹಲಸಿನ ಮರಕ್ಕೆ ಬೆರಳು ಹೋಗಿದ್ದನ್ನು ಕಂಡಿದ್ದಳು, ಸೈಕಲ್ಲಿಗೆ ಹಲ್ಲು ಹೋಗಿದ್ದನ್ನು ಕಂಡಿದ್ದಳು. ಇನ್ನು ಐಸ್‌ಕ್ರೀಮು ಯಾವ ದೊಡ್ಡದು.

ಹಲಸಿನ ಮರದ ಕತೆ ಮೂವತ್ತೆಂಟು ವರ್ಷ ಹಳೆಯದು. ಅವಳ ಗಂಡ ಸಿದ್ದಬಸಪ್ಪ, ಅವನ ಅಣ್ಣ ನಂಜುಂಡಯ್ಯ, ಇಬ್ಬರೂ ಹಾನುಬಾಳಿನ ಕಾಫಿ ತೋಟ ಪಾಲು ಮಾಡಿಕೊಂಡ ದಿನ ಎಲ್ಲ ಮುಗಿದು ಗಡಿಯ ಮೇಲಿನ ಒಂದೇ ಒಂದು ಹಲಸಿನ ಮರ ಉಳಿಯಿತು. ಮಾತಿಗೆ ಮಾತು ಬೆಳೆಯಿತು. ನಂಜುಂಡಯ್ಯ ಕತ್ತಿ ಬೀಸಿದ, ಸಿದ್ದಬಸಪ್ಪ ಎಡಗೈ ಅಡ್ಡ ಹಿಡಿದ. ಎರಡು ಬೆರಳು ಮರದ ಬುಡಕ್ಕೆ ಬಿದ್ದವು. ವಿಶಾಲಮ್ಮ ಆಗ ಐದು ತಿಂಗಳ ಬಸುರಿ, ಕಂಕುಳಲ್ಲಿ ನಾಲ್ಕು ವರ್ಷದ ಮೃತ್ಯುಂಜಯ. ಬಾಯಿಗೆ ಸೆರಗು ತುರುಕಿಕೊಂಡು ನಿಂತಳೇ ಹೊರತು ಮಗುವಿನ ಕಣ್ಣು ಮುಚ್ಚಬೇಕೆಂದು ಅವಳಿಗೆ ಹೊಳೆಯಲಿಲ್ಲ.

ಆಮೇಲೆ ಒಂದು ತಿಂಗಳು ಆ ಮಗು ಹಿತ್ತಲಿನ ಬಾಳೆದಿಂಡಿಗೆ ಕೋಲಿನಿಂದ ಬಾರಿಸುತ್ತ, "ನಾನು ದೊಡ್ಡಪ್ಪ! ನಾನು ದೊಡ್ಡಪ್ಪ!" ಎಂದು ಆಟವಾಡಿತು. ನೋಡಿದವರೆಲ್ಲ ನಕ್ಕರು. ವಿಶಾಲಮ್ಮನೂ ನಕ್ಕಳು. ಆ ನಗು ನೆನಪಾದಾಗಲೆಲ್ಲ ತನ್ನ ಕೆನ್ನೆಗೆ ತಾನೇ ಎರಡು ಬಾರಿಸಿಕೊಳ್ಳಬೇಕು ಎಂದು ಈಗಲೂ ಅವಳಿಗೆ ಅನ್ನಿಸುತ್ತದೆ.

ಬಾಳೆದಿಂಡಿನ ಆಟ ಆಡಿದವನು ಹದಿನಾರಕ್ಕೆ ಬಂದಾಗ ತಮ್ಮ ಬಾಲುವಿನ ಮುಂದಿನ ಹಲ್ಲು ಉದುರಿಸಿದ. ಬಾಲುವೂ ಬಿಡಲಿಲ್ಲ, ಅಣ್ಣನ ಕಿವಿಯ ತುದಿ ಕಚ್ಚಿ ಉಗುಳಿದ. ಒಂದೇ ಸೈಕಲ್ಲು, ಒಂದೇ ಮಧ್ಯಾಹ್ನ. ಅಪ್ಪ ಇಬ್ಬರನ್ನೂ ಜಗಲಿ ಕಂಬಕ್ಕೆ ಕಟ್ಟಿ ಬಾರುಕೋಲು ಮುರಿಯುವ ತನಕ ಹೊಡೆದ. ಮಕ್ಕಳು ಹೊಡೆದಾಡಬಾರದು ಎಂದು ಕಲಿಸಲು ಆ ಮನುಷ್ಯನಿಗೆ ಗೊತ್ತಿದ್ದ ದಾರಿ ಅದೊಂದೇ.

ಈಗ ಮೃತ್ಯುಂಜಯನಿಗೆ ಒಬ್ಬ ಮಗ, ಹದಿಮೂರು ವರ್ಷದ ಅಭಿಲಾಷ್. ಬಾಲುವಿಗೂ ಅವನ ಹೆಂಡತಿ ಆಶಾಗೂ ಮೂವರು ಹೆಣ್ಣುಮಕ್ಕಳು: ಹನ್ನೆರಡರ ಮಾನಸಾ, ಒಂಬತ್ತರ ಇಂಚರ, ಐದು ವರ್ಷದ ಪುಟ್ಟಿ. ಮನೆ ಒಂದೇ, ಅಡುಗೆಮನೆ ಎರಡು. ಬಚ್ಚಲಿನ ಹಂಡೆ ಒಲೆ ಮಾತ್ರ ಇನ್ನೂ ಪಾಲಾಗಿರಲಿಲ್ಲ. ಅದಕ್ಕೆ ಬೆಂಕಿ ಹಾಕುವ ಕೆಲಸ ವಿಶಾಲಮ್ಮನದು.

ಆ ಬಚ್ಚಲು ಅವಳ ಕೋಟೆಯಾಗಿತ್ತು. ಈ ಮೊಮ್ಮಕ್ಕಳ ಕಣ್ಣೆದುರು ಈ ಮನೆಯಲ್ಲಿ ರಕ್ತ ಬೀಳಬಾರದು ಎಂದು ಅಭಿಲಾಷ್ ಹುಟ್ಟಿದ ದಿನವೇ ಅವಳು ಕೊರಳಿನ ಲಿಂಗ ಮುಟ್ಟಿ ಆಣೆ ಮಾಡಿಕೊಂಡಿದ್ದಳು. ಗಂಡುಮಕ್ಕಳ ದನಿ ಏರಿತು ಎಂದರೆ ಸಾಕು, ಕೈಗೆ ಸಿಕ್ಕ ಮೊಮ್ಮಕ್ಕಳನ್ನೆಲ್ಲ ಬಚ್ಚಲಿಗೆ ಎಳೆದುಕೊಂಡು ಹೋಗಿ ತಲೆ ಮೇಲೆ ನೀರು ಹೊಯ್ಯುತ್ತಿದ್ದಳು. ಸೋಪಿನ ನೊರೆ ಕಣ್ಣಿಗೆ ಹೋದರೆ ಮಕ್ಕಳು ಬೇರೇನೂ ನೋಡುವುದಿಲ್ಲ. ಒಮ್ಮೊಮ್ಮೆ ದಿನಕ್ಕೆ ಮೂರು ಸ್ನಾನ. ಹಾನುಬಾಳಿನಲ್ಲಿ ಅಷ್ಟು ಶುಭ್ರವಾದ ಮಕ್ಕಳು ಇನ್ನೊಂದು ಮನೆಯಲ್ಲಿ ಇರಲಿಲ್ಲ.

ಹೋದ ವರ್ಷ ಕಾಫಿಗೆ ಕನಸಿನಲ್ಲೂ ಕಾಣದ ರೇಟು ಬಂತು. ಸಿದ್ದಬಸಪ್ಪನಿಗೆ ಒಂದು ಹುಚ್ಚು ಹತ್ತಿತು. ದಸರಾ ಕಳೆದ ಮೇಲೆ ಮಕ್ಕಳ ಪಾಲುಪತ್ರ ನೋಂದಣಿ ಆಗುವುದಿತ್ತು. ಅದಕ್ಕೆ ಮೊದಲು ಎಲ್ಲರೂ ಒಂದು ಸಲ ಹಡಗಿನಲ್ಲಿ ಹೋಗಿಬರಬೇಕು ಎಂದ. ಮುಂಬಯಿಯಿಂದ ಲಕ್ಷದ್ವೀಪ, ಅಲ್ಲಿಂದ ಗೋವಾ, ವಾಪಸ್. ನಾಲ್ಕು ದಿನ.

"ಹಡಗಲ್ಲಿ ಮುನಿಸ್ಕೊಂಡು ಎದ್ದು ಎಲ್ಲಿಗೆ ಹೋಗ್ತಾರೆ? ಸುತ್ತ ನೀರು. ಒಟ್ಟಿಗೆ ಕೂತು ಉಣ್ಲೇಬೇಕು" ಎಂದು ಹೆಂಡತಿಗೆ ಗುಟ್ಟು ಹೇಳಿ, ಮೂರು ಬೆರಳಿನ ಕೈ ತಿರುಗಿಸಿ ತೋರಿಸಿದ. ವಿಶಾಲಮ್ಮನಿಗೂ ಆಸೆ ಹುಟ್ಟಿತು. ಹಡಗು ಎಂದರೆ ಅವಳಿಗೆ ದೊಡ್ಡದೊಂದು ಬಚ್ಚಲಿನ ಹಾಗೆ ಕಂಡಿತು.

ಸೆಪ್ಟೆಂಬರಿನ ಒಂದು ಭಾನುವಾರ. ಎರಡು ದಿನದಿಂದ ಮಳೆ ಹೊಳವಾಗಿ ಬಿಸಿಲು ಬಿದ್ದಿತ್ತು. ಕಾಫಿ ಒಣಗಿಸುವ ಕಣದ ಮೇಲೆ ಹಸಿರು ಪಾಚಿ. ಮೃತ್ಯುಂಜಯನ ಹೆಂಡತಿ ನಿಶ್ಚಿತಾರ್ಥವೊಂದಕ್ಕೆ ತವರುಮನೆ ಮಗ್ಗೆಗೆ ಹೋಗಿದ್ದಳು. ಉಳಿದವರೆಲ್ಲ ಕಣದಲ್ಲಿ ಬಿಸಿಲು ಕಾಯಿಸುತ್ತಿದ್ದರು. ವಿಶಾಲಮ್ಮ ಬಚ್ಚಲಿನಲ್ಲಿ ಪುಟ್ಟಿಗೆ ಎಣ್ಣೆ ಹಚ್ಚಿ, ಕಬ್ಬಿಣದ ಊದುಗೊಳವೆ ಹಿಡಿದು ಹಂಡೆ ಒಲೆ ಊದುತ್ತಿದ್ದಳು. ಬಚ್ಚಲಿನ ಬಾಗಿಲು ಕಣಕ್ಕೇ ತೆರೆದುಕೊಂಡಿದ್ದರಿಂದ ಎಲ್ಲವೂ ಕಾಣುತ್ತಿತ್ತು, ಕೇಳುತ್ತಿತ್ತು.

ಮಾನಸಾ ಒಂದು ಉದ್ದನೆಯ ಪುಸ್ತಕ ಹಿಡಿದು ಅಜ್ಜನ ಕುರ್ಚಿಯ ಮುಂದೆ ನಿಂತಳು. ತೋಟದ ರೈಟರ್ ಚಲುವಯ್ಯ ಆಳುಗಳ ಹಾಜರಿ ಹಾಕುವ ಪುಸ್ತಕ ಅದು. ಎಡಗಡೆ ಹೆಸರು, ಮೇಲುಗಡೆ ದಿನ, ಕೊನೆಗೆ ಕೂಲಿ. ಹುಡುಗಿ ಹುಟ್ಟಿದಾಗಿನಿಂದ ಕಂಡ ಲೆಕ್ಕದ ಪುಸ್ತಕ ಅದೊಂದೇ ಆದ್ದರಿಂದ, ಖಾಲಿ ಹಾಳೆಯಲ್ಲಿ ಅದೇ ಗೆರೆಗಳ ಮೇಲೆ ನಾಲ್ಕು ಮಕ್ಕಳ ಹೆಸರು ಬರೆದಿದ್ದಳು.

"ಅಜ್ಜ, ಹಡಗಲ್ಲಿ ಊಟ ಫ್ರೀ. ಆದ್ರೆ ಐಸ್‌ಕ್ರೀಮು, ಜ್ಯೂಸು, ವಿಡಿಯೋ ಗೇಮ್ ಹಾಲು, ಗೋಡೆ ಹತ್ತೋ ಆಟ, ಇದಕ್ಕೆಲ್ಲ ಬೇರೆ ದುಡ್ಡು. ಕೊರಳಿಗೆ ಒಂದು ಕಾರ್ಡ್ ಹಾಕ್ತಾರೆ. ಉಜ್ತಾ ಇದ್ರೆ ದುಡ್ಡು ಹೋಗ್ತಾನೇ ಇರುತ್ತೆ, ಗೊತ್ತೇ ಆಗಲ್ಲ. ಅದಕ್ಕೇ ನಾನು ಮೊದ್ಲೇ ಬರ್ದೀನಿ. ದಿನಕ್ಕೆ ಎರಡು ಐಸ್‌ಕ್ರೀಮಿಗೆ ಐನೂರು, ಜ್ಯೂಸಿಗೆ ಇನ್ನೂರು, ಆಟಕ್ಕೆ ಎಂಟ್ನೂರು. ನಾಲ್ಕು ದಿನಕ್ಕೆ ಒಬ್ಬೊಬ್ರಿಗೆ ಆರು ಸಾವ್ರ. ಅಷ್ಟರ ಮೇಲೆ ಯಾರೂ ಕೇಳ್ಬಾರ್ದು."

ಸಿದ್ದಬಸಪ್ಪನಿಗೆ ಮೊಮ್ಮಗಳ ಜಾಣತನಕ್ಕೆ ಎದೆ ಉಬ್ಬಿತು. "ನೋಡ್ರೋ, ನಮ್ಮ ರೈಟ್ರು! ಆಯ್ತವ್ವ. ಮೆಣಸು ಮಾರಿದ ದುಡ್ಡು ಐತೆ, ಅದ್ರಲ್ಲಿ ಕೊಡ್ತೀನಿ. ತಲೆಗೆ ಆರು ಸಾವ್ರ."

ಬಚ್ಚಲಿನಲ್ಲಿ ವಿಶಾಲಮ್ಮನ ಉಸಿರು ಕೊಳವೆಯಲ್ಲೇ ನಿಂತಿತು. ತಲೆಗೆ ಎಂದುಬಿಟ್ಟನಲ್ಲ, ಈ ಬಾಯಿಬಡುಕ!

ಆ ಸೀಮೆಯಲ್ಲಿ ಯಾವುದನ್ನೂ ತಲೆ ಎಣಿಸಿ ಹಂಚುವುದಿಲ್ಲ. ಎಣಿಸುವುದು ಒಲೆಯನ್ನು, ಎಂದರೆ ಬೇರೆ ಅಡುಗೆ ಮಾಡುವ ಸಂಸಾರವನ್ನು: ಗುಡಿಯ ವಂತಿಗೆ ಒಲೆಗೆ ಇಷ್ಟು, ಊರ ಕೆಲಸದ ಚಂದಾ ಒಲೆಗೆ ಇಷ್ಟು, ಆಸ್ತಿಯೂ ಒಲೆಗೇ. ತಲೆ ಎಣಿಸಿ ಅಕ್ಕಿ ಅಳೆಯುವುದು ಎಸ್ಟೇಟಿನ ಲೈನ್ ಮನೆಗಳ ಆಳುಗಳಿಗೆ ಮಾತ್ರ. ಪಾಲುಪತ್ರವನ್ನೂ ಎರಡು ಒಲೆ, ಎರಡು ಸಮ ಭಾಗ ಎಂದೇ ಬರೆಸಿದ್ದರು. ಬಾಲು ಮಾತ್ರ ಒಂದು ವರ್ಷದಿಂದ ಗೊಣಗುತ್ತಿದ್ದ: ತನ್ನ ಕಡೆ ಐದು ತಲೆ, ಅಣ್ಣನ ಕಡೆ ಮೂರು, ಭಾಗ ಹೇಗೆ ಸಮವಾಗುತ್ತದೆ ಎಂದು. ಈಗ ಅಪ್ಪನ ಬಾಯಿಂದಲೇ ಮಾತು ಬಿದ್ದಿತ್ತು.

ಬಾಲು ಜಗಲಿಯಿಂದ ಎದ್ದು ಬಂದ. ಹಲ್ಲಿಲ್ಲದ ಜಾಗ ಕಾಣುವಂತೆ ನಕ್ಕ. "ಕೇಳುಸ್ತೇನಣ್ಣ? ಅಪ್ಪ ತಲೆಗೆ ಅಂದ್ಬುಟ್ಟ. ಐಸ್‌ಕ್ರೀಮಿಗೆ ತಲೆ ಆದ್ರೆ ತೋಟಕ್ಕೂ ತಲೇನೇ ಕಣಪ್ಪ."

ಮೃತ್ಯುಂಜಯ ಮಾನಸಾಳ ಕೈಯಿಂದ ಪುಸ್ತಕ ಕಿತ್ತುಕೊಂಡು ನೋಡಿದ. ಅವನ ಕಿವಿ ಕೆಂಪಾಯಿತು, ತುದಿಯಿಲ್ಲದ ಕಿವಿ. "ಯಾರೇ ಬರೆದಿದ್ದು? ನನ್ ಮಗನ ಹೆಸ್ರು ಹಾಜರಿ ಪುಸ್ತಕದಾಗೆ? ಅವ್ನೇನು ಲೈನಿನೋನಾ? ತಲೆ ಎಣ್ಸೋದು ಆಳುಗಳಿಗೆ ಕಣೇ!" ಎನ್ನುತ್ತ ಪುಸ್ತಕವನ್ನು ಅವಳ ಮುಖಕ್ಕೇ ಎಸೆದ. ದಪ್ಪ ರಟ್ಟಿನ ಮೂಲೆ ತುಟಿಗೆ ಬಡಿಯಿತು. ಮಾನಸಾ ಅಳಲಿಲ್ಲ. ತುಟಿ ಮುಟ್ಟಿ, ಬೆರಳಿನ ಮೇಲಿನ ರಕ್ತವನ್ನು ಬೇರೆ ಯಾರದ್ದೋ ಎಂಬಂತೆ ನೋಡಿದಳು.

ಆಶಾ ಓಡಿಬಂದು ಮಗಳನ್ನು ಹಿಂದಕ್ಕೆ ಎಳೆದುಕೊಂಡಳು. "ಯಾಕೆ ಭಾವ, ಹೆಣ್ಣುಡ್ಗೀರ ತಲೆ ತಲೆಯಲ್ವಾ?"

"ನಾಳೆ ಇನ್ನೊಬ್ರ ಒಲೆಗೆ ಹೋಗೋ ತಲೆಗೋಳು. ಅವಕ್ಕೆ ಇಲ್ಲಿ ಏನು ಲೆಕ್ಕ?"

ಸಿದ್ದಬಸಪ್ಪ ಹೆದರಿದ. ಜೀವಮಾನವೆಲ್ಲ ಹೊಡೆದು ಬಾಳಿದ ಮನುಷ್ಯ ಮುಪ್ಪಿನಲ್ಲಿ ಹೆದರಿದರೆ ಬಹಳ ಕೆಟ್ಟದಾಗಿ ಹೆದರುತ್ತಾನೆ. "ಆಯ್ತು ಮಾರಾಯ, ಒಲೆಗೇ ಆಗ್ಲಿ ಬುಡು. ಒಲೆಗೆ ಹನ್ನೆರಡು ಸಾವ್ರ. ನಿನ್ ಮಗಂಗೆ ಹನ್ನೆರಡು, ಆ ಮೂರಕ್ಕೂ ಸೇರಿ ಹನ್ನೆರಡು."

ಅಭಿಲಾಷ್ ಸಣ್ಣ ದನಿಯಲ್ಲಿ, "ಅಪ್ಪ, ನಂಗೆ ಅಷ್ಟೊಂದು ಬ್ಯಾಡ. ಅವ್ರಿಗೂ ಕೊಡಿ" ಎಂದ. ಅಷ್ಟಕ್ಕೆ ಅವನ ಕಪಾಳಕ್ಕೆ ಬಿತ್ತು. ಹುಡುಗ ಪಾಚಿಯ ಮೇಲೆ ಜಾರಿ ಕೂತ.

"ದಾನ ಮಾಡೋಕೆ ಬಂದ್ಬುಟ್ಟ! ಇವತ್ತು ಐಸ್‌ಕ್ರೀಮು ಬುಡ್ತೀಯ, ನಾಳೆ ತೋಟ ಬುಡ್ತೀಯ" ಎಂದು ಮೃತ್ಯುಂಜಯ ಇನ್ನೊಮ್ಮೆ ಕೈ ಎತ್ತುವಷ್ಟರಲ್ಲಿ ಬಾಲು ಪ್ಲಾಸ್ಟಿಕ್ ಕುರ್ಚಿಯನ್ನು ಅಣ್ಣನ ಬೆನ್ನಿನ ಮೇಲೆ ಮುರಿದ.

"ನನ್ ಮಗಳ ಬಾಯಲ್ಲಿ ರಕ್ತ ಬರ್ಸ್ತೀಯೇನೋ!"

ಮುಂದಿನದು ಬೇಗ ಬೇಗ ಆಯಿತು. ಮೃತ್ಯುಂಜಯ ತಿರುಗಿ ತಮ್ಮನ ಕುತ್ತಿಗೆಪಟ್ಟಿ ಹಿಡಿದು ಜಗಲಿ ಕಂಬಕ್ಕೆ ಅವನ ತಲೆ ಕುಟ್ಟಿದ. ಒಂದು ಸಲ, ಎರಡು ಸಲ. ಬಾಲುವಿನ ಹಣೆ ಒಡೆದು ಕಣ್ಣಿಗೆ ರಕ್ತ ಇಳಿಯಿತು. ಅವನು ಕುರುಡನಂತೆ ತಡವಿ ಅಣ್ಣನ ಗಂಟಲು ಹಿಡಿದು ಹೆಬ್ಬೆರಳು ಒತ್ತಿದ. ಇಬ್ಬರೂ ಕಣದ ಮೇಲೆ ಉರುಳಿದರು. ಉರುಳುತ್ತ ಉರುಳುತ್ತ ಬಚ್ಚಲಿನ ಸೂರಿನ ಕೆಳಗೆ, ಸೌದೆ ರಾಶಿಯ ಹತ್ತಿರ ಬಂದರು. ಕೊರಡಿಗೆ ಕಚ್ಚಿಸಿಟ್ಟ ಸೌದೆ ಕತ್ತಿ ಅಲ್ಲಿತ್ತು. ಮೃತ್ಯುಂಜಯ ತಮ್ಮನ ಎದೆಯ ಮೇಲೆ ಮೊಣಕಾಲೂರಿ ಅದನ್ನು ಕಿತ್ತುಕೊಂಡ.

ವಿಶಾಲಮ್ಮ ಬಾಗಿಲಲ್ಲಿ ನಿಂತಿದ್ದಳು. ಅವಳ ಸೆರಗು ಹಿಡಿದು ಎಣ್ಣೆ ಮೈಯ ಪುಟ್ಟಿ. ಕಣದಲ್ಲಿ ಮಾನಸಾ, ಇಂಚರ, ಅಭಿಲಾಷ್. ನೀರು ಹಂಡೆಯಲ್ಲೇ ಉಳಿದಿತ್ತು. ಯಾವ ಕಣ್ಣಿಗೂ ನೊರೆ ಹಾಕಲು ಸಮಯವಿರಲಿಲ್ಲ. ಕತ್ತಿ ಮೇಲಕ್ಕೆದ್ದಾಗ ಅವಳಿಗೆ ಕಂಡಿದ್ದು ಮಗನ ಕೈಯಲ್ಲ, ನಂಜುಂಡಯ್ಯನ ಕೈ. ಅವತ್ತು ಸೆರಗು ಕಚ್ಚಿಕೊಂಡು ನಿಂತವಳು ಇವತ್ತು ನಿಲ್ಲಲಿಲ್ಲ.

ಊದುಗೊಳವೆ ಮೃತ್ಯುಂಜಯನ ಮಣಿಕಟ್ಟಿನ ಮೇಲೆ ಬಿತ್ತು. ಮೂಳೆ ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ಕತ್ತಿ ಜಾರಿತು. ಕೆಳಗಿದ್ದ ಬಾಲು ಅದನ್ನೇ ಕಾಯುತ್ತಿದ್ದವನಂತೆ ಬಾಚಿಕೊಂಡು ಎದ್ದ, ಅಣ್ಣನ ಕುತ್ತಿಗೆ ನೋಡಿ ಬೀಸಲು ಹೋದ. ಕೊಳವೆ ಅವನ ಹೆಗಲಿಗೆ ಬಿತ್ತು. ಕತ್ತಿ ಮತ್ತೆ ನೆಲಕ್ಕೆ ಬಿತ್ತು.

ಅಲ್ಲಿಗೆ ಮುಗಿಯಬೇಕಿತ್ತು. ಇಬ್ಬರ ಕೈಯಲ್ಲೂ ಏನೂ ಉಳಿದಿರಲಿಲ್ಲ, ಇಬ್ಬರೂ ಮೊಣಕಾಲ ಮೇಲೆ ಕೂತು ಅಳುತ್ತಿದ್ದರು. ಆದರೆ ವಿಶಾಲಮ್ಮನ ಕೈ ನಿಲ್ಲಲಿಲ್ಲ.

"ತಲೆಗೆ ಬೇಕೇನೋ? ತಗೋ ತಲೆಗೆ! ಒಲೆಗೆ ಬೇಕೇನೋ? ತಗೋ ಒಲೆಗೆ!"

ಬೆನ್ನಿಗೆ, ತೊಡೆಗೆ, ಮಡಚಿದ ಮೊಣಕೈಗಳಿಗೆ. ಒಂದು ಇವನಿಗೆ, ಒಂದು ಅವನಿಗೆ, ಲೆಕ್ಕ ತಪ್ಪದ ಹಾಗೆ. ನಿಜ ಹೇಳಬೇಕೆಂದರೆ ಅವಳಿಗೆ ಸುಖವಾಯಿತು. ನಲವತ್ತೈದು ವರ್ಷ ಎದೆಯಲ್ಲಿ ಕೂತಿದ್ದು ತೋಳಿನಿಂದ ಇಳಿದು ಹೋಗುತ್ತಿತ್ತು, ಮೈ ಹಗುರವಾಗುತ್ತಿತ್ತು. ಕೊನೆಗೆ ಸಿದ್ದಬಸಪ್ಪನ ಮೂರು ಬೆರಳಿನ ಕೈ ಕೊಳವೆಯನ್ನು ಹಿಡಿದು ನಿಲ್ಲಿಸಿತು. "ಸಾಕು ಕಣೇ, ಸಾಯ್ತಾರೆ" ಎಂದ. ಅವಳು ಅವನ ಕಡೆ ತಿರುಗಿದ ರೀತಿಗೆ ಅವನು ಎರಡು ಹೆಜ್ಜೆ ಹಿಂದೆ ಸರಿದ.

ಚಲುವಯ್ಯ ಜೀಪಿನಲ್ಲಿ ಹಾಕಿಕೊಂಡು ಇಬ್ಬರನ್ನೂ ಸಕಲೇಶಪುರಕ್ಕೆ ಕರೆದೊಯ್ದ. ಒಬ್ಬನಿಗೆ ಮಣಿಕಟ್ಟು, ಇನ್ನೊಬ್ಬನಿಗೆ ಹೆಗಲಮೂಳೆ, ಹಣೆಗೆ ಏಳು ಹೊಲಿಗೆ. ಹೇಗಾಯಿತು ಎಂದು ಡಾಕ್ಟರು ಕೇಳಿದರು.

"ಕಣದಾಗೆ ಪಾಚಿ ಸಾರ್, ಜಾರ್ಬುಟ್ಟೆ" ಎಂದ ಮೃತ್ಯುಂಜಯ.

"ನೀವು?"

"ಅಣ್ಣನ್ನ ಎತ್ತಾಕೆ ಹೋದೆ ಸಾರ್, ನಾನೂ ಜಾರಿದೆ" ಎಂದ ಬಾಲು.

ಹುಟ್ಟಿದ ಮೇಲೆ ಅಣ್ಣತಮ್ಮಂದಿರು ಒಟ್ಟಿಗೆ ಒಂದೇ ಮಾತು ಆಡಿದ್ದು ಅದೇ ಮೊದಲು. ಚಲುವಯ್ಯ ಬಂದು ವರದಿ ಹೇಳಿದಾಗ ವಿಶಾಲಮ್ಮ ನಕ್ಕಳು. ತಾನು ಗೆದ್ದೆ ಎಂದುಕೊಂಡಳು. ರಕ್ತ ಬಿತ್ತು, ನಿಜ, ಆಣೆ ಕೆಟ್ಟಿತು. ಆದರೆ ಹೆಣ ಬೀಳಲಿಲ್ಲ. ಸಿದ್ದಬಸಪ್ಪ ಮೆಣಸಿನ ದುಡ್ಡು ಇಪ್ಪತ್ತನಾಲ್ಕು ಸಾವಿರವನ್ನೂ ತಂದು ಅವಳ ಮಡಿಲಿಗೆ ಹಾಕಿದ. "ತಲೆಗಾದ್ರೂ ಕೊಡು, ಒಲೆಗಾದ್ರೂ ಕೊಡು, ನನ್ನ ಕೇಳ್ಬೇಡ."

"ಯಾವ್ದೂ ಇಲ್ಲ. ನನ್ ಹತ್ರ ಇರುತ್ತೆ. ಕೇಳಿದೋರಿಗೆ ಕೇಳಿದಷ್ಟು" ಎಂದಳು.

ಟಿಕೆಟಿನ ದುಡ್ಡು ವಾಪಸ್ ಬರುವುದಿಲ್ಲ ಎಂದು ಏಜೆಂಟ್ ಹೇಳಿದ್ದರಿಂದ ದಸರಾ ರಜೆಯಲ್ಲಿ ಎಲ್ಲರೂ ಹೊರಟರು. ಒಬ್ಬನ ಕೈಗೆ ಪ್ಲಾಸ್ಟರು, ಇನ್ನೊಬ್ಬನ ಕೈ ಕೊರಳ ಪಟ್ಟಿಯಲ್ಲಿ. ಮಕ್ಕಳ ದುಡ್ಡನ್ನೆಲ್ಲ ಮಾನಸಾ ಅಜ್ಜಿಯ ಕಾರ್ಡಿಗೇ ಹಾಕಿಸಿದಳು. ವಿಶಾಲಮ್ಮನ ಕೊರಳಲ್ಲಿ ಲಿಂಗದ ಕರಡಿಗೆಯ ಪಕ್ಕ ಅದೂ ನೇತಾಡಿತು. ಏನು ಬೇಕಾದರೂ ಮಕ್ಕಳು ಅಜ್ಜಿಯ ಹತ್ತಿರ ಬರಬೇಕು.

ಹಡಗಿನಲ್ಲಿ ಗಂಡುಮಕ್ಕಳಿಬ್ಬರೂ ಬಾಲ ಮುದುರಿಕೊಂಡಿದ್ದರು. ಬಲಗೈ ಇಲ್ಲದೆ ಎಡಗೈಯಲ್ಲಿ ಚಮಚ ಹಿಡಿದು ಒಂದೇ ಮೇಜಿನಲ್ಲಿ ಉಪ್ಪಿಟ್ಟು ತಿಂದರು. ಬಾಲುವಿನ ನೀರಿನ ಬಾಟಲಿಯ ಮುಚ್ಚಳವನ್ನು ಮೃತ್ಯುಂಜಯ ಹಲ್ಲಿನಿಂದ ಕಚ್ಚಿ ತೆಗೆದುಕೊಟ್ಟ. ವಿಶಾಲಮ್ಮ ಕಣ್ತುಂಬ ನೋಡಿದಳು. ಗಂಡನ ಹುಚ್ಚಿಗೆ ಮನಸ್ಸಿನಲ್ಲೇ ಕೈಮುಗಿದಳು.

ಒಂದೇ ಒಂದು ವಿಚಿತ್ರ ಇತ್ತು. ಮಕ್ಕಳು ಕೇಳಲು ಬರುತ್ತಿರಲಿಲ್ಲ. ಮೊದಲ ದಿನ ಎರಡು ಐಸ್‌ಕ್ರೀಮು, ಅದನ್ನೂ ಅಭಿಲಾಷ್ ದೂರದಲ್ಲಿ ನಿಂತು ಕೇಳಿದ. ಎರಡನೆಯ ದಿನ ಒಂದು ಜ್ಯೂಸು, ನಾಲ್ಕು ಸ್ಟ್ರಾ. ಮೂರನೆಯ ದಿನ ಮಧ್ಯಾಹ್ನದವರೆಗೂ ಯಾರೂ ಇಲ್ಲ. ಇಪ್ಪತ್ತನಾಲ್ಕು ಸಾವಿರದಲ್ಲಿ ಸಾವಿರವೂ ಮುಗಿದಿರಲಿಲ್ಲ. ಮಕ್ಕಳಿಗೆ ಹೇಳಿದ್ದು ಅರ್ಥವಾಗಿಲ್ಲವೇನೋ ಎಂದುಕೊಂಡು ಕಾರ್ಡು ಹಿಡಿದು ತಾನೇ ಹುಡುಕಿಕೊಂಡು ಹೊರಟಳು. ಆಟದ ಹಾಲಿನಲ್ಲಿ ಇರಲಿಲ್ಲ, ಐಸ್‌ಕ್ರೀಮ್ ಅಂಗಡಿಯಲ್ಲೂ ಇರಲಿಲ್ಲ. ತಮ್ಮ ರೂಮುಗಳ ಮುಂದಿನ ಉದ್ದನೆಯ ಓಣಿಯಂಥ ಜಾಗದಲ್ಲಿ ನಗು ಕೇಳಿಸಿತು. ವಿಶಾಲಮ್ಮ ಮೂಲೆಯಲ್ಲಿ ನಿಂತು ಇಣುಕಿದಳು.

ಅಭಿಲಾಷ್ ಮತ್ತು ಮಾನಸಾ ಕೆಂಪು ಜಮಖಾನದ ಮೇಲೆ ಮೊಣಕಾಲೂರಿ ಕೂತಿದ್ದರು. ಇಬ್ಬರೂ ತಲೆಗೆ ಕೈ ಅಡ್ಡ ಹಿಡಿದು ಸುಳ್ಳು ಸುಳ್ಳೇ ಅಳುತ್ತಿದ್ದರು. ಇಂಚರ ಒಂದು ಕೈಯ ಎರಡು ಬೆರಳು ಮಡಚಿ, ಅಜ್ಜನ ಹಾಗೆ, ಗೋಡೆಗೆ ಒರಗಿ ನಿಂತಿದ್ದಳು. ನಡುವೆ ಪುಟ್ಟಿ. ಬಚ್ಚಲಿನ ಟವೆಲನ್ನು ಬಿಗಿಯಾಗಿ ಸುತ್ತಿ ಕೊಳವೆ ಮಾಡಿ, ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದಳು. ಸೊಂಟಕ್ಕೆ ಅಮ್ಮನ ದುಪಟ್ಟಾ ಸಿಕ್ಕಿಸಿದ್ದಳು, ಸೆರಗಿನ ಹಾಗೆ.

"ನಾನು ಅಜ್ಜಿ! ತಲೆಗೆ ಬೇಕೇನೋ? ತಗೋ ತಲೆಗೆ! ಒಲೆಗೆ ಬೇಕೇನೋ? ತಗೋ ಒಲೆಗೆ!"

"ಪುಟ್ಟಿ, ಈ ಸಲ ನಾನು ಅಜ್ಜಿ ಆಗ್ತೀನಿ ಕಣೇ, ನೀನು ಆಗ್ಲೇ ಐದು ಸಲ ಆದೆ" ಎಂದ ಅಭಿಲಾಷ್.

ವಿಶಾಲಮ್ಮ ಗೋಡೆ ಹಿಡಿದುಕೊಂಡಳು. ಬಾಳೆದಿಂಡಿನ ಸದ್ದು ಅವಳ ಕಿವಿಯಲ್ಲಿ ಕೇಳಿಸಿತು. ಅವತ್ತು ನಕ್ಕಿದ್ದಳು. ಇವತ್ತು ನಗಲಿಲ್ಲ.

ಅವಳನ್ನು ಕಂಡದ್ದೇ ನಾಲ್ವರೂ ಆಟ ನಿಲ್ಲಿಸಿದರು. ಮಾನಸಾ ಗಾಯ ಮಾಗಿದ ತುಟಿ ಕಚ್ಚಿಕೊಂಡು ಎದ್ದು ನಿಂತಳು. "ದುಡ್ಡೇನೂ ಖರ್ಚಾಗಿಲ್ಲ ಅಜ್ಜಿ, ಇದು ಫ್ರೀ ಆಟ" ಎಂದಳು, ಹೊಡೆತ ತಪ್ಪಿಸಿಕೊಳ್ಳುವ ಅವಸರದಲ್ಲಿ.

ವಿಶಾಲಮ್ಮ ಕಾರ್ಡನ್ನೂ ಕರಡಿಗೆಯನ್ನೂ ಸೆರಗಿನೊಳಗೆ ಸರಿಸಿ, ಮಂಡಿ ನೋವನ್ನು ನುಂಗಿಕೊಂಡು, ಇಬ್ಬರು ಮೊಮ್ಮಕ್ಕಳ ನಡುವೆ ಜಮಖಾನದ ಮೇಲೆ ಮೊಣಕಾಲೂರಿ ಕೂತಳು.

"ಅವತ್ತು ನಿಮ್ಮಪ್ಪಂದಿರಿಬ್ರಿಗೂ ಬಿತ್ತು. ನಂಗೊಬ್ಳಿಗೆ ಯಾರೂ ಹೊಡೀಲಿಲ್ಲ. ನಾನೂ ತಪ್ಪು ಮಾಡಿದ್ದೆ ಕಂದ. ನಂಗೂ ಒಂದು ಹೊಡಿ, ಆಟ ಮುಗ್ಸಾಣ" ಎಂದು ಪುಟ್ಟಿಗೆ ತಲೆ ಬಾಗಿಸಿದಳು.

ಮಗು ಅಳುತ್ತದೆ, ಟವೆಲ್ ಬಿಸಾಕಿ ಕೊರಳಿಗೆ ಬೀಳುತ್ತದೆ ಎಂದು ಕಾದಳು. ಪುಟ್ಟಿ ಅಕ್ಕಂದಿರ ಮುಖ ನೋಡಿದಳು, ಅಭಿಲಾಷನ ಮುಖ ನೋಡಿದಳು. ಆಮೇಲೆ ಟವೆಲನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆ ಎತ್ತಿ ಹೊಡೆದಳು. ಮೆತ್ತನೆಯ ಟವೆಲು, ನೋವಾಗಲಿಲ್ಲ. ಎರಡನೆಯ ಏಟು ಮೊದಲನೆಯದಕ್ಕಿಂತ ಜೋರಾಗಿತ್ತು.